ಕೊನೆಯ ಬೋಗಿಯ ತೂಕ

ಕೆರೆಯ ಪಾರ್ಕಿನ ಪುಟಾಣಿ ರೈಲಿಗೆ ಜನರನ್ನು ಹತ್ತಿಸಿ ಕೂರಿಸುವುದು ಅವನ ಕೆಲಸ. ಊರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿತ್ತು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾರೆಂದು ಹುಡುಕುತ್ತಿದ್ದ.

ಆ ರೈಲನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಹಳಿಗೂ ಹಳಿಗೂ ನಡುವೆ ಒಂದೇ ಗೇಣು. ಹಾಗೆಂದು ಇಂಜಿನ್ ಆಟದ ಸಾಮಾನಲ್ಲ, ನಿಜವಾದ ಉಗಿ ಇಂಜಿನ್. ಕಲ್ಲಿದ್ದಲು ತಿನ್ನುತ್ತದೆ, ನೀರು ಕುಡಿಯುತ್ತದೆ, ಸೀಟಿ ಹೊಡೆದರೆ ಕೆರೆಯ ಆಚೆ ದಡದ ನಾಯಿಗಳು ಬೊಗಳುತ್ತವೆ. ಎತ್ತರ ಮಾತ್ರ ದೊಡ್ಡವರ ಸೊಂಟ ಮುಟ್ಟುವುದಿಲ್ಲ. ಡ್ರೈವರ್ ಅದರ ಹಿಂದೆ ಕಲ್ಲಿದ್ದಲಿನ ಪೆಟ್ಟಿಗೆಯ ಮೇಲೆ ಮೊಣಕಾಲು ಮಡಿಚಿ ಕೂರುತ್ತಾನೆ. ಅವನ ಬೆನ್ನಿಗೆ ಆರು ಬೋಗಿ. ಬೋಗಿ ಎಂದರೆ ಚಕ್ರ ಹಾಕಿದ ಉದ್ದನೆಯ ಬೆಂಚು, ಅಷ್ಟೇ. ಕುದುರೆ ಹತ್ತಿದಂತೆ ಎರಡೂ ಕಡೆ ಕಾಲು ಇಳಿಬಿಟ್ಟು ಒಬ್ಬರ ಹಿಂದೊಬ್ಬರು ಕೂರಬೇಕು. ಕೆರೆಗೆ ಒಂದು ಸುತ್ತು, ನಡುವೆ ತಗಡಿನ ಸುರಂಗ, ಅದನ್ನು ದಾಟಿದರೆ ಗುಲಾಬಿ ತೋಟದ ತಿರುವು.

ಆ ತಿರುವಿನಲ್ಲಿ ಹಳಿ ಒಮ್ಮೆಲೇ ಹೊರಳುತ್ತದೆ. ಭಾರದವರು ನಡುವಿನ ಬೋಗಿಗಳಲ್ಲಿ ಕೂತಿದ್ದರೆ ರೈಲು ಸುಮ್ಮನೆ ಹೋಗುತ್ತದೆ. ಕೊನೆಯ ಬೋಗಿಯ ಕಟ್ಟಕಡೆಯ ಸೀಟಿನದು ಮಾತ್ರ ನಾಜೂಕು ಲೆಕ್ಕ. ಅಲ್ಲಿ ಐವತ್ತು ಕಿಲೋಗಿಂತ ಕಡಿಮೆಯಿದ್ದರೆ ಬೋಗಿ ಎಗರುತ್ತದೆ, ಅರವತ್ತು ದಾಟಿದರೆ ವಾಲುತ್ತದೆ. ಆ ಬೋಗಿಯಲ್ಲಿ ಮಕ್ಕಳನ್ನು ಕೂರಿಸಿ, ಕೊನೆಯ ಸೀಟಿಗೆ ತಕ್ಕ ಆಸಾಮಿ ಸಿಗದಿದ್ದರೆ ಐವತ್ತು ಕಿಲೋ ಮರಳಿನ ಮೂಟೆಯೊಂದನ್ನು ಹಗ್ಗ ಬಿಗಿದು ಕೂರಿಸುತ್ತಿದ್ದರು. ತಕ್ಕಡಿ ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಬೋಗಿ ಮಗುಚಿ ಒಬ್ಬಾಕೆಯ ಮುಂಗೈ ಮುರಿದಿತ್ತು. ಅವನು ಸೇರಿದ ಮೇಲೆ ಇಪ್ಪತ್ತಾರು ವರ್ಷ ಒಂದು ಚಪ್ಪಲಿಯೂ ಜಾರಿ ಬಿದ್ದಿರಲಿಲ್ಲ.

ಅದಕ್ಕೂ ಮೊದಲು ಅವನು ಹನ್ನೊಂದು ವರ್ಷ ಗೋದಾಮಿನಲ್ಲಿ ಮೂಟೆ ಹೊತ್ತವನು. ಹೊರುತ್ತ ಹೊರುತ್ತ ತೂಕ ಹೆಗಲಿನಿಂದ ಕಣ್ಣಿಗೆ ಏರಿಬಿಟ್ಟಿತ್ತು. ಪ್ಲಾಟ್‌ಫಾರಂ ಮೆಟ್ಟಿಲು ಹತ್ತಿ ಬರುವವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಿದ್ದ, ಅಷ್ಟೇ. "ಅರವತ್ತೆಂಟು, ಮೂರನೇ ಬೋಗಿ! ನಲವತ್ತೊಂದು, ಮುಂದೆ!" ನಂಬದವರನ್ನು ಟಿಕೆಟ್ ಕೋಣೆಯ ಪಕ್ಕದಲ್ಲಿದ್ದ ಕಲ್ಲಿದ್ದಲು ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಮುಳ್ಳು ಅವನು ಹೇಳಿದಲ್ಲಿಗೇ ಬಂದು ನಿಲ್ಲುತ್ತಿತ್ತು.

ಇದನ್ನೆಲ್ಲ ಕೂಗಿ ಹೇಳುವ ಅಗತ್ಯವೇನೂ ಇರಲಿಲ್ಲ. ಬೋಗಿಯತ್ತ ಬೆರಳು ತೋರಿಸಿದ್ದರೂ ರೈಲು ಅಷ್ಟೇ ಕ್ಷೇಮವಾಗಿ ಹೋಗುತ್ತಿತ್ತು. ಆದರೆ ಅವನಿಗೆ ಕೂಗುವುದರಲ್ಲೇ ಸುಖ. "ತೊಂಬತ್ತೆರಡು! ಸ್ವಾಮಿ, ನೀವೊಬ್ಬರೇ ಬಂದ್ರಾ, ಮನೆಯವರನ್ನೆಲ್ಲ ಒಳಗಿಟ್ಕೊಂಡು ಬಂದ್ರಾ?" ಎಂದರೆ ಸಾಲಿನಲ್ಲಿ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಡಕಲು ಹೆಂಗಸು ಬಂದರೆ, "ಮೂವತ್ತೊಂಬತ್ತು. ಅಮ್ಮಾ, ಸುರಂಗದಲ್ಲಿ ಗಾಳಿ ಜಾಸ್ತಿ, ಯಾರನ್ನಾದ್ರೂ ಹಿಡ್ಕೊಳ್ಳಿ." ಅವಮಾನವಾದವರು ಇನ್ನೊಮ್ಮೆ ಈ ಕಡೆ ಬರುವುದಿಲ್ಲ ಎಂದು ನೀವು ಅಂದುಕೊಂಡರೆ ನಿಮಗೆ ಜನ ಗೊತ್ತಿಲ್ಲ. ಅವರು ಮುಂದಿನ ವಾರ ಪಕ್ಕದ ಮನೆಯವರನ್ನು ಕರೆದುಕೊಂಡು ಬರುತ್ತಿದ್ದರು, ಅವರ ಗತಿ ಏನಾಗುತ್ತದೆ ನೋಡಲು.

ತನ್ನ ತೂಕದ ಬಗ್ಗೆ ಅವನಿಗೆ ಇನ್ನಿಲ್ಲದ ಜಂಬ. ಇಪ್ಪತ್ತಾರು ವರ್ಷವೂ ಎಪ್ಪತ್ತನಾಲ್ಕು ಕಿಲೋ. ಪ್ರತಿವರ್ಷ ಹಳಿ ರಿಪೇರಿಗೆಂದು ರೈಲು ಎರಡು ತಿಂಗಳು ನಿಲ್ಲುತ್ತಿತ್ತು. ಮತ್ತೆ ಶುರುವಾಗುವ ದಿನ ಮೊದಲ ಸುತ್ತು ಕೆಲಸದವರದು. ಹಳಿ ಸರಿಯಿದೆ ಎಂದು ಜನರಿಗೆ ತೋರಿಸಬೇಕಲ್ಲ, ಅದಕ್ಕೆ. ಆ ದಿನ ಕೂರಿಸುವವನೂ ಕೂರುತ್ತಿದ್ದ. ಅವನ ತೂಕವನ್ನು ಡ್ರೈವರ್ ಕೂಗುತ್ತಿದ್ದ. "ಎಪ್ಪತ್ತನಾಲ್ಕು!" ತಕ್ಕಡಿ ಎದೆಯುಬ್ಬಿಸಿಕೊಂಡು ಮೂರನೇ ಬೋಗಿ ಏರುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಮನೆಯಲ್ಲೂ ಅವನ ಬಾಯಿಗೆ ಬಿಡುವಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಈಚೆ ಬಂದರೆ, "ಎಪ್ಪತ್ತೊಂದು. ಹೋದ ತಿಂಗಳು ಅರವತ್ತೊಂಬತ್ತಿತ್ತು" ಎನ್ನುತ್ತಿದ್ದ. ಅವಳು ಗಂಡನ ಎದುರು ತಟ್ಟೆ ಹಾಕಿಕೊಳ್ಳುವುದನ್ನೇ ಬಿಟ್ಟಳು. ಅವನು ಪಾರ್ಕಿಗೆ ಹೋದ ಮೇಲೆ ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಎರಡು ತುತ್ತು ನುಂಗುತ್ತಿದ್ದಳು. ಒಬ್ಬಳೇ ಮಗಳು. ಚಿಕ್ಕಂದಿನಿಂದಲೂ ತುಂಬಿಕೊಂಡ ಮೈ. ಅವಳಿಗೆ ವಯಸ್ಸು ಎಷ್ಟೆಂದು ಕೇಳಿದರೆ ಅಪ್ಪ ಯೋಚಿಸುತ್ತಿದ್ದ. ತೂಕ ಎಷ್ಟೆಂದು ಕೇಳಿದರೆ ತಡವರಿಸುತ್ತಿರಲಿಲ್ಲ.

ಐದು ವರ್ಷದ ಹಿಂದೆ ಒಂದು ಭಾನುವಾರ ಆ ಮಗಳು ಕೆರೆಯ ದೋಣಿಯವನ ಜೊತೆ ಪ್ಲಾಟ್‌ಫಾರಂ ಹತ್ತಿ ಬಂದಳು. ದೋಣಿಯವನು ಪಾರ್ಕಿನಲ್ಲೇ ಕೆಲಸದವನು, ಒಳ್ಳೆಯ ಹುಡುಗ, ಕಾಲಿನಲ್ಲಿ ತುಳಿಯುವ ದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಇಬ್ಬರೂ ಮೂರು ತಿಂಗಳಿಂದ ಮಾತಾಡಿಕೊಳ್ಳುತ್ತಿದ್ದರು. ಅವತ್ತು ಅವಳು ಹೊಸ ಹಸಿರು ಬಟ್ಟೆ ಉಟ್ಟಿದ್ದಳು. ಇಬ್ಬರೂ ಒಟ್ಟಿಗೆ ರೈಲಿನಲ್ಲಿ ಒಂದು ಸುತ್ತು ಹೋಗುವುದು, ಇಳಿದ ಮೇಲೆ ಅಪ್ಪನಿಗೆ ವಿಷಯ ಹೇಳುವುದು ಎಂದು ಮಾತಾಗಿತ್ತು.

ತಕ್ಕಡಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಿಯೂ ಅವನ ನಾಲಿಗೆ ನಿಲ್ಲಲಿಲ್ಲ. ಸಾಲಿನಲ್ಲಿ ನಲವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು, ಅವರನ್ನು ಬರಿಗೈಯಲ್ಲಿ ಕಳಿಸುವುದು ಅವನ ಜಾಯಮಾನವಲ್ಲ.

"ಐವತ್ತೇಳು, ನಾಲ್ಕನೇ ಬೋಗಿ" ಎಂದು ದೋಣಿಯವನನ್ನು ಕಳಿಸಿದ. ಆಮೇಲೆ ಮಗಳ ಕಡೆ ತಿರುಗಿದ. "ಎಂಬತ್ತೆಂಟು! ಮೂರನೇ ಬೋಗಿ, ಒಬ್ಬಳೇ ಕೂತ್ಕೋ. ಏನಪ್ಪಾ ದೋಣಿ, ಇವಳನ್ನ ನಿನ್ನ ದೋಣೀಲಿ ಕೂರಿಸ್ಬೇಡ, ಮೀನುಗಳಿಗೆ ಹೆಂಡ್ತಿ ಮಕ್ಕಳಿದಾರೆ."

ಪ್ಲಾಟ್‌ಫಾರಂ ಬಿರಿಯುವಂತೆ ಜನ ನಕ್ಕರು. ಅವಳು ಜನರನ್ನು ನೋಡಲಿಲ್ಲ, ದೋಣಿಯವನನ್ನು ನೋಡಿದಳು. ಅವನೂ ನಗುತ್ತಿದ್ದ. ತಡೆದುಕೊಳ್ಳಲು ನೋಡಿ, ಆಗದೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಅವಳು ಮೆಟ್ಟಿಲಿಳಿದು ಮನೆಗೆ ಹೋದಳು. ಮರುವರ್ಷ ದೋಣಿಯವನು ಬೇರೆ ಮದುವೆಯಾದ.

"ತಮಾಷೆಗೆ ಅಂದಿದ್ದಕ್ಕೆ ಇಷ್ಟೊಂದಾ?" ಎಂದು ತಕ್ಕಡಿ ಹೆಂಡತಿಯ ಮುಂದೆ ಗೊಣಗಿದ. ಮಗಳಿಗೆ ಬೇಜಾರು ಕಳೆಯಲಿ ಎಂದು ಮ್ಯಾನೇಜರ್‌ಗೆ ಹೇಳಿ ಟಿಕೆಟ್ ಕೋಣೆಯಲ್ಲಿ ಕೆಲಸ ಕೊಡಿಸಿದ. ಇದರಲ್ಲಿ ತಾನು ದೊಡ್ಡ ಉಪಕಾರ ಮಾಡಿದೆನೆಂದೇ ಅವನ ಎಣಿಕೆ. ಟಿಕೆಟ್ ಕಿಟಕಿ ಪ್ಲಾಟ್‌ಫಾರಮ್ಮಿಗೆ ಎದುರಾಗಿತ್ತು. ಐದು ವರ್ಷ ಅವಳು ಆ ಕಿಟಕಿಯಲ್ಲಿ ಕೂತು, ಟಿಕೆಟ್ ಹರಿದು ಕೊಟ್ಟವರ ಮುಖ ನೋಡುತ್ತಾ, ಮರುಗಳಿಗೆ ಅಪ್ಪನ ಬಾಯಿಂದ ಅವರ ತೂಕ ಕೇಳುತ್ತಾ ಹೋದಳು. ಎರಡನೆಯ ವರ್ಷಕ್ಕೆ ಅಪ್ಪ ಹೇಳುವ ಮೊದಲೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ನಾಲ್ಕನೆಯ ವರ್ಷಕ್ಕೆ ತಪ್ಪುವುದು ನಿಂತಿತು.

ಮ್ಯಾನೇಜರ್‌ಗೆ ಇದು ಗೊತ್ತಾಗಿ, ರಜೆಯ ದಿನ ಜನ ಜಾಸ್ತಿಯಾದರೆ ಅವಳನ್ನೂ ಪ್ಲಾಟ್‌ಫಾರಂ ಮೇಲೆ ನಿಲ್ಲಿಸತೊಡಗಿದ. ತಕ್ಕಡಿ ಮೊದಲು ಮೂಗು ಮುರಿದ. ಆಮೇಲೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟ. ಅವನು ಮಗಳಿಗೆ ಮನಸ್ಸಿಟ್ಟು ಕಲಿಸಿದ್ದು ಅದೊಂದನ್ನೇ.

"ಹೊಟ್ಟೆ ನೋಡ್ಬೇಡ, ಬಟ್ಟೆ ನೋಡ್ಬೇಡ. ಎರಡೂ ಮೋಸ ಮಾಡ್ತವೆ. ಕುತ್ತಿಗೆ ನೋಡು, ಮಣಿಕಟ್ಟು ನೋಡು. ಮೆಟ್ಟಿಲು ಹತ್ತಿದ ಮೇಲೆ ಎಷ್ಟು ಸಲ ಉಸಿರು ಎಳೀತಾರೆ ನೋಡು. ಮತ್ತೆ ಯಾರ ಮುಖಾನೂ ನೋಡ್ಬೇಡ. ಮುಖ ನೋಡಿದ್ರೆ ಪಾಪ ಅನ್ಸುತ್ತೆ, ಲೆಕ್ಕ ತಪ್ಪುತ್ತೆ."

"ಸರಿ ಅಪ್ಪ" ಎಂದಳು ಮಗಳು.

ಹೋದ ವರ್ಷ ತಕ್ಕಡಿಯ ಪ್ಯಾಂಟು ಸೊಂಟದಿಂದ ಜಾರತೊಡಗಿತು. "ಬಟ್ಟೆ ಹಿಗ್ಗಿದೆ" ಎಂದು ಹೆಂಡತಿಯ ಕೈಗೆ ಕೊಟ್ಟ. "ಹೌದು, ಹಿಗ್ಗಿದೆ" ಎಂದು ಅವಳು ಒಳಗೆ ಹಿಡಿದು ಹೊಲಿದಳು. ಎರಡು ತಿಂಗಳಿಗೆ ಇನ್ನೊಮ್ಮೆ ಹಿಗ್ಗಿತು, ಇನ್ನೊಮ್ಮೆ ಹೊಲಿದಳು. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋದಾಗ, ಬಾಗಿಲಲ್ಲೇ "ಎಂಬತ್ತಮೂರು" ಎಂದು ಡಾಕ್ಟರ ತೂಕ ಹೇಳಿ ಹಲ್ಲುಕಿರಿದ. ಡಾಕ್ಟರು ನಗಲಿಲ್ಲ. ಹೊಟ್ಟೆ ಒತ್ತಿ ನೋಡಿ, ನಾಳೆ ಮನೆಯವರಲ್ಲಿ ಯಾರನ್ನಾದರೂ ಕರೆದುಕೊಂಡು ಬಾ ಎಂದರು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ರೋಗಕ್ಕಿಂತ ಅವನಿಗೆ ದೊಡ್ಡ ಹೆದರಿಕೆ ಇನ್ನೊಂದಿತ್ತು. ಎರಡು ವರ್ಷದ ಹಿಂದೆ ಹಳೆಯ ಡ್ರೈವರನ ಕೈ ನಡುಗುತ್ತದೆಂದು ಮ್ಯಾನೇಜರ್ ಅವನನ್ನು ಇಂಜಿನ್ನಿನಿಂದ ಇಳಿಸಿ ಪಾರ್ಕಿನ ಹಿಂಬದಿಯ ಗೇಟಿನಲ್ಲಿ ಕೂರಿಸಿದ್ದ. ಅಲ್ಲಿ ಒಂದು ಸ್ಟೂಲು, ಒಂದು ಬೀಗ, ಮಾತಾಡಿಸುವವರು ಯಾರೂ ಇಲ್ಲ. ಹಳೆಯ ಡ್ರೈವರ್ ಆ ಸ್ಟೂಲಿನ ಮೇಲೆ ಎಂಟು ತಿಂಗಳು ಕೂತು ಸತ್ತ. ಪ್ಲಾಟ್‌ಫಾರಂ ಬಿಟ್ಟರೆ ತಾನು ಯಾರೂ ಅಲ್ಲ ಎಂಬುದು ತಕ್ಕಡಿಗೆ ಚೆನ್ನಾಗಿ ಗೊತ್ತಿತ್ತು. ರೈಲು ಮತ್ತೆ ಶುರುವಾಗುವ ದಿನ ಜನರೆದುರು 'ಎಪ್ಪತ್ತನಾಲ್ಕು' ಎಂದು ಒಮ್ಮೆ ಕೇಳಿಬಂದರೆ ಸಾಕು, ಇನ್ನೊಂದು ವರ್ಷ ಯಾರೂ ಅವನನ್ನು ಅಲ್ಲಿಂದ ಅಲುಗಿಸುವಂತಿರಲಿಲ್ಲ. ಆದರೆ ಈ ವರ್ಷ ಕೂಗುವುದು ಡ್ರೈವರ್ ಅಲ್ಲ, ಮಗಳು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ.

ರಿಪೇರಿಯ ಕೊನೆಯ ವಾರ ಯಾರೂ ಇಲ್ಲದಾಗ ಅವನು ಕಲ್ಲಿದ್ದಲಿನ ಯಂತ್ರ ಹತ್ತಿ ನಿಂತ. ಐವತ್ತಾರು. ಮುಳ್ಳು ಕೆಟ್ಟಿರಬೇಕೆಂದು ಐವತ್ತು ಕಿಲೋ ಮರಳಿನ ಮೂಟೆ ಇಟ್ಟು ನೋಡಿದ. ಮುಳ್ಳು ಕೆಟ್ಟಿರಲಿಲ್ಲ. ಹಳಿಗೆ ಹಳಿ ಜೋಡಿಸುವ ಕಬ್ಬಿಣದ ಪಟ್ಟಿಗಳು ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಹದಿನೆಂಟು ಕಿಲೋ ಆಗುವಷ್ಟು ಆರಿಸಿ ಚೀಲದಲ್ಲಿ ಮನೆಗೆ ತಂದ. ಯೂನಿಫಾರಂ ಕೋಟಿನ ಒಳಗೆ ಸುತ್ತಲೂ ಜೇಬು ಹೊಲಿದುಕೊಡು ಎಂದ. ಹೆಂಡತಿ ಪಟ್ಟಿಗಳನ್ನು ನೋಡಿದಳು, ಗಂಡನನ್ನು ನೋಡಿದಳು, ದಪ್ಪ ದಾರ ಪೋಣಿಸಿದಳು. ಹದಿನೆಂಟು ಜೇಬು. ಹಾಕಿಕೊಂಡಾಗ ಕೋಟು ತುಂಬಿ ನಿಂತಿತು. ಹೆಗಲ ಮೂಳೆಯ ಮೇಲೆ ಕಬ್ಬಿಣ ಕೂತು ಕಣ್ಣಲ್ಲಿ ನೀರು ಬಂತು, ಆದರೂ ಕನ್ನಡಿಯಲ್ಲಿ ಹಳೆಯ ತಕ್ಕಡಿ ಕಂಡ.

ಹಿಂದಿನ ದಿನ ಸಂಜೆ ಮಗಳನ್ನು ಕರೆದು ಹೇಳಿದ. "ನಾಳೆ ಎಪ್ಪತ್ತನಾಲ್ಕು ಅನ್ನು, ಗೊತ್ತಾಯ್ತಾ?"

ಬೇಡಿಕೊಳ್ಳಬಹುದಿತ್ತು. ಐದು ವರ್ಷದ ಹಿಂದಿನ ಭಾನುವಾರದ ಬಗ್ಗೆ ಒಂದು ಮಾತು ಆಡಬಹುದಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ. ಅಪ್ಪ ಹೇಳಿದ, ಮಗಳು ಕೇಳುತ್ತಾಳೆ, ಅಷ್ಟೇ ಅವನ ತಿಳಿವಳಿಕೆ.

"ಸರಿ ಅಪ್ಪ" ಎಂದಳು ಮಗಳು.

ಆರಂಭದ ದಿನ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ಇನ್ನೂರು ಜನ ಸೇರಿದ್ದರು. ಇಂಜಿನ್ ಹೊಗೆ ಬಿಡುತ್ತಾ ನಿಂತಿತ್ತು. ಕೊನೆಯ ಬೋಗಿಯಲ್ಲಿ ಕೆಲಸದವರ ಮಕ್ಕಳು, ಅವರ ಹಿಂದೆ ಕಟ್ಟಕಡೆಯಲ್ಲಿ ಮರಳಿನ ಮೂಟೆ. ಮಗಳು ಹಳದಿ ಗೆರೆಯ ಹತ್ತಿರ, ಅಪ್ಪ ಇಪ್ಪತ್ತಾರು ವರ್ಷ ನಿಂತ ಜಾಗದಲ್ಲೇ ನಿಂತಿದ್ದಳು. ಮಾಲಿಯನ್ನು, ಗುಡಿಸುವವಳನ್ನು, ದೋಣಿಯವನನ್ನು, ಎಂಬತ್ತು ಕಿಲೋ ಮ್ಯಾನೇಜರನ್ನು ಒಬ್ಬೊಬ್ಬರನ್ನಾಗಿ ಕೂಗಿ ಕೂರಿಸಿದಳು. ಗಂಟಲು ಅಪ್ಪನದೇ. ಮದುವೆಯಾದ ಮೇಲೆ ಮೈ ತುಂಬಿಕೊಂಡಿದ್ದ ದೋಣಿಯವನಿಗೆ "ಎಪ್ಪತ್ತೊಂಬತ್ತು, ಎರಡನೇ ಬೋಗಿ" ಎಂದಷ್ಟೇ ಹೇಳಿದಳು. ಜನ ಏನಾದರೂ ತಮಾಷೆ ಬರುತ್ತದೆಂದು ಕಾದರು, ಬರಲಿಲ್ಲ.

ಕೊನೆಗೆ ತಕ್ಕಡಿ ಮೂರು ಮೆಟ್ಟಿಲು ಹತ್ತಿ ಬಂದ. ಒಂದೊಂದು ಮೆಟ್ಟಿಲಿಗೂ ಕೋಟು ಅವನನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮೇಲೆ ಬಂದು ಎದೆಯುಬ್ಬಿಸಿ ನಿಂತ. ಚಪ್ಪಾಳೆ ಶುರುವಾಯಿತು.

ಮಗಳು ಅವನ ಕುತ್ತಿಗೆ ನೋಡಿದಳು. ಮಣಿಕಟ್ಟು ನೋಡಿದಳು. ಮುಖ ನೋಡಲಿಲ್ಲ.

"ಕೋಟು ಬಿಚ್ಚಿ" ಎಂದಳು.

ಪ್ಲಾಟ್‌ಫಾರಂ ಮೇಲೆ ಯಾರೋ ಗಿರಾಕಿಗೆ ಹೇಳಿದ ಹಾಗೆ, ಬಹುವಚನದಲ್ಲಿ. ಅಪ್ಪನನ್ನು ಅವಳು ಯಾವತ್ತೂ ಹಾಗೆ ಮಾತಾಡಿಸಿದವಳಲ್ಲ.

"ಏನೇ ಇದು? ಹೇಳಿದ್ದು ಮರೆತ್ಯಾ?" ಎಂದ ಅವನು ಹಲ್ಲು ಕಚ್ಚಿ, ಮೆಲ್ಲಗೆ.

"ಕೋಟು ಬಿಚ್ಚಿ ಸ್ವಾಮಿ. ಹಿಂದೆ ಜನ ಕಾಯ್ತಿದಾರೆ."

ಜನ ನಗತೊಡಗಿದರು. ಇದು ತಕ್ಕಡಿಯದೇ ಹೊಸ ಆಟ, ಅಪ್ಪ ಮಗಳು ಮೊದಲೇ ಕಲಿತು ಬಂದಿದ್ದಾರೆ ಎಂದುಕೊಂಡರು. "ಬಿಚ್ಚಪ್ಪಾ, ಬಿಚ್ಚು!" ಎಂದು ಹಗ್ಗದಾಚೆಯಿಂದ ಕೂಗಿದರು. ಅವನು ಎರಡೂ ಕೈಯಿಂದ ಕೋಟಿನ ಅಂಚು ಹಿಡಿದುಕೊಂಡ. ಅವಳು ಹತ್ತಿರ ಬಂದು, ಮಗುವಿಗೆ ಬಿಚ್ಚುವಂತೆ ಒಂದೊಂದೇ ಗುಂಡಿ ಬಿಚ್ಚಿದಳು. ಕೋಟು ಹೆಗಲಿನಿಂದ ಜಾರಿ ಹಲಗೆಯ ಮೇಲೆ ಧಡಾರನೆ ಬಿತ್ತು. ಪಟ್ಟಿಗಳು ಹೊರಗೆ ಚೆಲ್ಲಿ ಒಂದೆರಡು ಹಳಿಯ ಮೇಲೆ ಉರುಳಿದವು. ಒಳಂಗಿಯಲ್ಲಿ ನಿಂತ ಮನುಷ್ಯನನ್ನು ಜನ ನೋಡಿದರು. ತೋಳು ಒಣಗಿದ ಕಡ್ಡಿ. ಹೆಗಲ ಮೇಲೆ ಎರಡು ನೀಲಿ ಬಾಸುಂಡೆ.

"ಕಬ್ಬಿಣ ಹದಿನೆಂಟು, ಮೂರನೇ ಬೋಗಿ!" ಎಂದು ಅವಳು ಕೂಗಿದಳು. "ಮನುಷ್ಯ ಐವತ್ತನಾಲ್ಕು, ಕೊನೇ ಬೋಗಿ!"

ನಗು ಅರ್ಧಕ್ಕೆ ನಿಂತು, ಮತ್ತೆ ಎಲ್ಲಿಂದಲೋ ಶುರುವಾಗಿ, ಈ ಸಲ ಜೋರಾಯಿತು. ಆಗಲೂ ತಕ್ಕಡಿ ಬಾಯಿ ಮುಚ್ಚಿಕೊಂಡಿದ್ದರೆ ಏನೋ ಒಂದು ಉಳಿಯುತ್ತಿತ್ತು. ತಮಾಷೆ ಎಂದು ತಾನೂ ನಕ್ಕುಬಿಡಬಹುದಿತ್ತು. ಆದರೆ ಅವನ ಕಿವಿಗೆ ಬಿದ್ದದ್ದು ಅವಮಾನವಲ್ಲ, ತಪ್ಪು ಲೆಕ್ಕ.

"ತಪ್ಪು!" ಎಂದು ಕಿರುಚಿದ. "ಐವತ್ತಾರು! ನಾನೇ ತೂಗಿ ನೋಡಿದೀನಿ, ಐವತ್ತಾರು!"

ಮ್ಯಾನೇಜರ್ ಬೋಗಿಯಿಂದ ಎದ್ದು ನಿಂತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

"ಯಂತ್ರ ಅಲ್ಲೇ ಇದೆ" ಎಂದಳು ಮಗಳು.

ಅವನು ನಡೆದುಹೋಗಿ ಯಂತ್ರ ಹತ್ತಿ ನಿಂತ. ಇನ್ನೂರು ಜನ ಮುಳ್ಳನ್ನು ನೋಡಿದರು. ಮುಳ್ಳು ತೂಗಾಡಿ ಐವತ್ತನಾಲ್ಕಕ್ಕೆ ನಿಂತಿತು. ಒಂದೇ ವಾರದಲ್ಲಿ ಎರಡು ಕಿಲೋ ಹೋಗಿತ್ತು. ತನ್ನ ಮೈಯಲ್ಲಿ ಆಗುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿತ್ತು. ಮುಳ್ಳಿನ ಮುಂದೆ ನಿಂತ ಆ ಒಂದು ಗಳಿಗೆ, ಎಷ್ಟು ಸರಿಯಾಗಿ ಹೇಳಿದಳು ಎಂದು ಅವನಿಗೆ ಹೆಮ್ಮೆಯೇ ಆಯಿತು.

ಮ್ಯಾನೇಜರ್ ಹತ್ತಿರ ಬಂದು, "ನಾಳೆಯಿಂದ ಹಿಂದಿನ ಗೇಟು ನೋಡ್ಕೊಳ್ಳಿ" ಎಂದ.

"ಗೇಟಿಗೆ ಬೇಡ ಸಾರ್" ಎಂದಳು ಮಗಳು. "ಕೊನೇ ಸೀಟಿಗೆ ಐವತ್ತು ದಾಟಿದವರು, ಅರವತ್ತರ ಒಳಗಿನವರು ಬೇಕಲ್ಲ. ಮೂಟೆ ಇಳಿಸಿ, ಇವರನ್ನ ಕೂರಿಸೋಣ."

ಅಪ್ಪ ರೈಲಿನ ಹತ್ತಿರವೇ ಇರಲಿ ಎಂಬ ಕರುಣೆ ಅದು ಎಂದು ಆಮೇಲೆ ಕೆಲವರು ಹೊಗಳಿದರು. ಹಾಗೆ ಹೊಗಳಿದವರು ಅವಳ ಮುಖ ನೋಡಿರಲಿಲ್ಲ.

ಮೂಟೆ ಇಳಿಸಿದರು. ತಕ್ಕಡಿ ಮಕ್ಕಳ ಹಿಂದೆ, ಕಟ್ಟಕಡೆಯ ಸೀಟಿನಲ್ಲಿ, ಎರಡೂ ಕಡೆ ಕಾಲು ಇಳಿಬಿಟ್ಟು ಕೂತ. ಸುರಂಗದ ಕತ್ತಲಲ್ಲಿ ಅತ್ತನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಿರುವಿನಲ್ಲಿ ಬೋಗಿ ಎಗರಲಿಲ್ಲ, ವಾಲಲಿಲ್ಲ. ವಾಪಸು ಬಂದು ಅವನು ಕಾಲೂರಿ ಏಳಲು ನೋಡಿದರೆ ಅವಳು ಆಗಲೇ ಮುಂದಿನ ಸಾಲಿನವರನ್ನು ಕೂರಿಸುತ್ತಿದ್ದಳು. "ಕೂತಿರಿ, ಕೂತಿರಿ, ಇನ್ನೊಂದು ಸುತ್ತು" ಎಂದಳು. ಅವತ್ತು ಹದಿನಾರು ಸುತ್ತು ಹೋದ.

ಆಮೇಲೆ ದಿನವೂ ಅದೇ. ಬೆಳಗ್ಗೆ ಅಪ್ಪ ಮಗಳು ಒಟ್ಟಿಗೇ ಮನೆ ಬಿಡುತ್ತಿದ್ದರು; ದಾರಿಯಲ್ಲಿ ಅವಳು ಅವನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ಪ್ಲಾಟ್‌ಫಾರಂ ಹತ್ತಿದ ಮೇಲೆ ಹಳದಿ ಗೆರೆಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಅವನ ತೂಕ ಕೂಗುತ್ತಿದ್ದಳು. ಐವತ್ತಮೂರೂವರೆ. ಐವತ್ತಮೂರು. ಐವತ್ತೆರಡು. ಒಂದು ದಿನವಾದರೂ ಅವಳು ತಪ್ಪಿ ಅರ್ಧ ಕಿಲೋ ಜಾಸ್ತಿ ಹೇಳಲಿ ಎಂದು ಅವನು ಮೆಟ್ಟಿಲ ಮೇಲೆ ನಿಂತು ಆಸೆಯಿಂದ ಕಾಯುತ್ತಿದ್ದ. ಬಾಯಿಬಿಟ್ಟು ಕೇಳಲಿಲ್ಲ. ಕಣ್ಣಲ್ಲಿ ಮಾತ್ರ ಕೇಳುತ್ತಿದ್ದ. ಅವಳು ಕುತ್ತಿಗೆ ನೋಡುತ್ತಿದ್ದಳು, ಮಣಿಕಟ್ಟು ನೋಡುತ್ತಿದ್ದಳು. ಕಲಿಸಿದವನೇ ಮುಖ ನೋಡಬೇಡ ಎಂದು ಕಲಿಸಿದ್ದ.

ಹತ್ತನೆಯ ವಾರ ಒಂದು ಬುಧವಾರ ಅವನು ಮೆಟ್ಟಿಲು ಹತ್ತಿ ಬಂದಾಗ ಅವಳು ಅವನ ಮಣಿಕಟ್ಟನ್ನು ಎರಡು ಸಲ ನೋಡಿದಳು.

"ನಲವತ್ತೊಂಬತ್ತು" ಎಂದಳು. ಆಮೇಲೆ ಶೆಡ್ಡಿನ ಕಡೆ ತಿರುಗಿ, ಮರಳಿನ ಮೂಟೆ ತರಲು ಹೇಳಿದಳು.